ಕಹಿ ತಿಳಿಯದ ನಾಲಿಗೆ

ಆರನೆಯ ಗಿಡದ ಕಾಳಲ್ಲೂ ಕಹಿಯಿಲ್ಲ. ತಳಿ ತೆಗೆಯುವಾಕೆ ಇನ್ನೊಂದು ಕಾಳು ಎತ್ತಿಕೊಂಡಳು, ಮೊಳಕೆಯಿಲ್ಲದ ಕಡೆಯಿಂದ ಬ್ಲೇಡಿನಲ್ಲಿ ಚೂರು ಕತ್ತರಿಸಿ ಜಗಿದು ತೊಟ್ಟಿಗೆ ಉಗಿದಳು. ಅದೂ ಸಪ್ಪೆ. ಮೊದಮೊದಲು ಹಿಗ್ಗಿ ಹೀರೇಕಾಯಿಯಾಗಿದ್ದಳು. ಇಡೀ ಸಾಲೇ ಸಪ್ಪೆಯಾದಾಗ ಅನುಮಾನ ಬಂತು. ಕಹಿಗಡಲೆ ಎಂಬ ಈ ಬೆಳೆ ಅಷ್ಟು ಒಳ್ಳೆಯ ಬುದ್ಧಿಯದಲ್ಲ.

ಬರೀ ಮರಳಲ್ಲೂ ಬೆಳೆಯುತ್ತದೆ, ದನಕ್ಕೆ ಹಿಂಡಿಯಷ್ಟೇ ಪುಷ್ಟಿ. ಆದರೆ ಅದರ ಕಹಿಯೇ ವಿಷ. ಹೊಟ್ಟೆ ತುಂಬ ತಿಂದ ದನ ಕಾಲು ನಡುಗಿ, ಉಸಿರುಕಟ್ಟಿ ಬೀಳುತ್ತದೆ. ಅವಳ ಗುರುಗಳು ಹೊಲದಿಂದ ಹೊಲಕ್ಕೆ ಕಾಳು ಜಗಿಯುತ್ತ ನಡೆದು, ತಲೆ ನೆರೆತ ಮೇಲೆ ಕಹಿಯಿಲ್ಲದ ಒಂದೇ ಒಂದು ಗಿಡ ಕಂಡುಹಿಡಿದಿದ್ದರು. ಅದರ ಸಂತಾನವನ್ನು ಕಾಯುವುದು ಈಗ ಇವಳ ಪಾಲಿನ ಕೆಲಸ. ಬೇಲಿಯಾಚೆಯ ಹಳೆ ಕಹಿ ಗಿಡದಿಂದ ಒಂದು ಜೇನುಹುಳ ಹಾರಿ ಬಂದರೂ ಸಾಕು, ಕಹಿ ಮತ್ತೆ ಒಳಗೆ ನುಸುಳುತ್ತದೆ. ಅದನ್ನು ಹಿಡಿಯಲು ಅವಳ ನಾಲಿಗೆಯೇ ಗತಿ.

ನಾಲಿಗೆ ಸರಿಯಿದೆಯೇ ಎಂದು ನೋಡಲೆಂದೇ ಹಳೆಯ ಕಹಿ ಕಾಳಿನ ಡಬ್ಬಿಯೊಂದಿತ್ತು. ಶೀತವಾದ ಮೇಲೆ ಅದನ್ನು ಮುಟ್ಟಿರಲಿಲ್ಲ. ಈಗ ಅದರಿಂದ ಇಡೀ ಕಾಳನ್ನೇ ಕಡಿದಳು. ಏನೂ ಇಲ್ಲ, ಕಾಗದ ಜಗಿದ ಹಾಗೆ. ನಿನ್ನೆ ಗಂಡ "ಉಪ್ಪಿನ ಡಬ್ಬಾನೇ ಸುರಿದುಬಿಟ್ಟೆಯಾ?" ಎಂದಾಗ ಅವನ ಮೇಲೆಯೇ ಹರಿಹಾಯ್ದಿದ್ದಳು. ಪಾಪ, ಸುಳ್ಳು ಹೇಳಿರಲಿಲ್ಲ ಅವನು.

ಅವಳು ನಿನ್ನೆ ಸರಿಯೆಂದು ಕಳಿಸಿದ ಚೀಲ ಈ ಹೊತ್ತಿಗೆ ಗಬ್ಬದ ಹಸುಗಳ ಕೊಟ್ಟಿಗೆಯಲ್ಲಿತ್ತು.

ಎದ್ದೆನೋ ಬಿದ್ದೆನೋ ಎಂದು ಓಡಿದಳು. ಸುಮ್ಮನಿದ್ದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ, ತಪ್ಪನ್ನು ಜೇನುಹುಳದ ಮೇಲೆ ಹಾಕಬಹುದು ಎಂಬ ಯೋಚನೆ ದಾರಿಯಲ್ಲೇ ಬಂತು. ಆ ಯೋಚನೆಗೂ ಹೆದರಿದಳು.

ದನ ನೋಡಿಕೊಳ್ಳುವ ಮೀಸೆಯಣ್ಣ ಬಕೆಟ್ ತೊಳೆಯುತ್ತಿದ್ದ.

"ಅಣ್ಣಾ, ಹೊಸ ಕಾಳು ಹಾಕಿಬಿಟ್ರಾ?"

"ಈಗ್ತಾನೆ. ಹೊಸ ಮೇವು ಅಂದ್ರೆ ಮೂತಿ ತಿರುಗಿಸ್ತಾವೆ ಅಂತ ಸಿಹಿ ಕಾಕಂಬಿ ಕಲಸಿದೆ. ನೋಡಿ, ಹೆಂಗೆ ಬಾಚ್ತಿದಾವೆ!"

ಕಹಿ ಕಂಡರೆ ಹಸುವೇ ಬಿಡುತ್ತಿತ್ತು. ಕಾಕಂಬಿಯ ಸಿಹಿಯಲ್ಲಿ ಆ ದಾರಿಯೂ ಮುಚ್ಚಿತು.

"ಚೀಲದಲ್ಲಿ ಉಳಿದಿದ್ದನ್ನ ಸ್ವಲ್ಪ ಜಗಿದು ನೋಡಿ."

"ನಾನಾ? ನಿಮ್ಮ ನಾಲಿಗೆ ಮುಂದೆ ನಂದೇನ್ ಮಹಾ!" ಅವನು ನಕ್ಕ.

"ನಂಗೆ ರುಚಿ ಗೊತ್ತಾಗ್ತಿಲ್ಲ ಅಣ್ಣ. ಶೀತ ಬಂದಾಗಿಂದ್ಲೂ ಇರ್ಬೇಕು. ನಂಗೆ ಗೊತ್ತೇ ಆಗ್ಲಿಲ್ಲ."

ಅವನ ನಗು ನಿಂತಿತು. ಚೀಲಕ್ಕೆ ಕೈಹಾಕಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಅವಳು ಅವನ ದವಡೆಯನ್ನೇ ನೋಡುತ್ತ ನಿಂತಳು.

"ಏನಿಲ್ಲ, ಸಪ್ಪಗೇ ಇದೆ," ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು. ಅವನು ಚೀಲದ ತಳದಿಂದ ಇನ್ನೊಂದು ಹಿಡಿ ತೆಗೆದು ಜಗಿದ. ದವಡೆ ನಿಂತಿತು. ಮುಖ ಕಿವುಚಿ ಥೂ ಎಂದು ಉಗಿದವನೇ ಹತ್ತಿರದ ಹಸುವಿನ ಹಗ್ಗ ಹಿಡಿದೆಳೆದ.

ಅವಳು ಸಾಲಿನ ಆ ತುದಿಯಿಂದ ಹಸುಗಳನ್ನು ಎಳೆಯಲು ಓಡಿದಳು. ಒಂದು ಹಸು ಜಗ್ಗಲಿಲ್ಲ, ಕೊರಳಿಗೆ ಜೋತುಬಿದ್ದು ಹಿಂದಕ್ಕೆ ಎಳೆದಳು. ಕೊನೆಯ ಗೋದಲಿಗೆ ಬಂದಾಗ ಅದು ತಳದವರೆಗೂ ಖಾಲಿಯಾಗಿತ್ತು. ಅಲ್ಲಿನ ತುಂಬುಗಬ್ಬದ ಹಸು ಕತ್ತು ನೀಡಿ, ಇನ್ನೂ ಇದೆಯೇ ಎಂಬಂತೆ, ಅವಳ ಅಂಗೈಯನ್ನು ನೆಕ್ಕತೊಡಗಿತು.