ಸೀದಾ ಹೋದ ಮಚ್ಛೇಂದ್ರ

ಮಚ್ಛೇಂದ್ರ ನಡೆದು ಹೋಗುವಾಗಲೂ ತಿರುವು ಬಂದರೆ ನಿಂತುಬಿಡುತ್ತಿದ್ದ. ಗಾಡಿ ನಡೆಸುವವರು ತಿರುವಿನಲ್ಲಿ ನಿಧಾನ ಮಾಡುವುದು ಲೋಕಾರೂಢಿ. ಆದರೆ ಬರಿಗಾಲಲ್ಲಿ ಕಿರಾಣಿ ಅಂಗಡಿಗೆ ಹೊರಟ ಮನುಷ್ಯ ಓಣಿಯ ಮೂಲೆಯಲ್ಲಿ ನಿಂತು, ಬಲಗೈಯ ಐದೂ ಬೆರಳು ಕೂಡಿಸಿ, ತುತ್ತು ಹಿಡಿದವನ ಹಾಗೆ ತುಟಿಯ ತನಕ ಒಯ್ದು, ಆಮೇಲೆ ‘ಹ್ಞಾಂ’ ಎಂದು ತನಗೆ ತಾನೇ ಹೇಳಿಕೊಂಡು ತಿರುಗುವುದನ್ನು ಕಂಡವರಿಗೆ ಇವನಿಗೆ ಹಸಿವೋ ಹುಚ್ಚೋ ಗೊತ್ತಾಗುತ್ತಿರಲಿಲ್ಲ. ಆ ಕಾಣದ ತುತ್ತನ್ನು ಅವನ ಕೈಗೆ ಕೊಟ್ಟವಳು ನಾನು. ಕೊಟ್ಟದ್ದು ಸರಿಯೋ ತಪ್ಪೋ ಎಂಬುದು ಇಷ್ಟು ವರ್ಷವಾದರೂ ನನಗೆ ಪೂರಾ ಬಗೆಹರಿದಿಲ್ಲ.

ಎಪ್ಪತ್ತೆರಡರ ಬರದ ಕಾಲ. ನೌಬಾದದ ಸಡಕಿನ ಮಗ್ಗುಲಲ್ಲಿ ನಾನು ಲಾರಿಯವರಿಗೆ ರೊಟ್ಟಿ ಬಡಿದು ಕೊಡುತ್ತಿದ್ದೆ. ಬೀದರ ಸ್ಟೇಷನ್ನಿನಿಂದ ಸರಕಾರದ ಕೆಂಪು ಜೋಳ ಹೇರಿಕೊಂಡು ಲಾರಿಗಳು ಔರಾದಿನ ಕಡೆ ಹೋಗುತ್ತಿದ್ದವು. ಬರುವಾಗ ಅದೇ ಲಾರಿಯಲ್ಲಿ ಗಂಟು ಕಟ್ಟಿಕೊಂಡ ಜನ, ಹೈದರಾಬಾದಿನ ರೈಲಿಗೆ. ಹೋಗುವಾಗ ಜೋಳ, ಬರುವಾಗ ಜನ. ಇದ್ದ ಊರಿಗೆ ಕಾಳು ಬರುತ್ತಿರುವಾಗ ತಿನ್ನುವವರು ಯಾಕೆ ಎದ್ದು ಹೋಗುತ್ತಾರೆ ಎಂದು ನಾನು ಕೇಳಿದರೆ ಲಾರಿಯವರು ನಗುತ್ತಿದ್ದರು.

ಅಂಥ ದಿನಗಳಲ್ಲಿ ಇವನು ಬಂದ. ಠಾಣಾ ಕುಶನೂರದ ಆಚೆಗಿನ ಕುರಿಗಾರರ ವಸತಿಯವನು, ಎತ್ತರದ ಆಳು. ಮೈಮೇಲೆ ಯಾವುದೋ ದಪ್ಪ ಮನುಷ್ಯನಿಗೆಂದು ಹೊಲಿದ ಖಾಕಿ ಕೋಟು, ಅದಕ್ಕೆ ನಾಲ್ಕು ಗುಂಡಿ, ನಾಲ್ಕೂ ನಾಲ್ಕು ಬಣ್ಣ. ನಡಿಗೆಯಂತೂ ಅಪ್ಪಟ ಕುರಿಗಾರನದು: ಹತ್ತು ಹೆಜ್ಜೆ ಹಾಕಿ ಒಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ, ಬೆನ್ನ ಹಿಂದೆ ಒಂದು ಕುರಿಯೂ ಉಳಿದಿರದ ಆ ವರ್ಷದಲ್ಲಿಯೂ. ಬಂದ ಬಂದ ಲಾರಿ ಮಾಲೀಕರಿಗೆಲ್ಲ ಲಾರಿ ನಡೆಸುವ ಕೆಲಸ ಬೇಕು ಎನ್ನುತ್ತಿದ್ದ. ಲೈಸೆನ್ಸ್ ಇದೆಯೇನು ಎಂದರೆ ಕೋಟಿನ ಒಳಜೇಬಿನಿಂದ ಮೇಣಬಟ್ಟೆಯಲ್ಲಿ ಸುತ್ತಿದ ಸಣ್ಣ ಪುಸ್ತಕ ತೆಗೆದು, ದೇವರ ಫೋಟೋ ಕೊಡುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಅದರಲ್ಲಿ ಬರೆದದ್ದು ನನಗೆ ಓದಲು ಬರಲಿಲ್ಲ. ಆದರೆ ಕೆಂಪು ಶಾಯಿಯ ಮೂರು ಸಾಲನ್ನು ಎಣಿಸಲು ಸಾಲಿ ಕಲಿತಿರಬೇಕೆಂದೇನಿಲ್ಲ.

ಮೊದಲನೆಯ ಸಾಲು ಹಲಬರ್ಗಾದ್ದು: ಧಣಿಯ ಟ್ರ್ಯಾಕ್ಟರು ತಿರುವಿನಲ್ಲಿ ತಿರುಗದೆ ಬಣವೆಯನ್ನು ದಾಟಿ ಗೋಡೆಗೆ ಹೋಗಿತ್ತು. ಎರಡನೆಯದು ಬೀದರದ್ದು: ಮದುವೆಯ ಜೀಪು ತಿರುವಿನಲ್ಲಿ ತಿರುಗದೆ ಅಡಿಗೆಯ ಚಪ್ಪರಕ್ಕೆ ನುಗ್ಗಿ ಎರಡು ಹಂಡೆ ಅನ್ನ ಮಣ್ಣುಪಾಲು. ಮೂರನೆಯದು ಭಾಲ್ಕಿಯದು. ಅದನ್ನು ಹೇಳುವಾಗ ಅವನು ನೆಲ ನೋಡುತ್ತಿದ್ದ. ಅಲ್ಲಿ ಜೀಪು ಬಳೆ ಅಂಗಡಿಯೊಳಗೆ ಹೋಗಿ ಬಳೆಗಾರತಿ ಬಿಸ್ಮಿಲ್ಲಾಬೀಯ ಮುಂಗೈ ಮುರಿದಿತ್ತು. ಕುಡಿದಿರಲಿಲ್ಲ, ಜೋರಾಗಿ ಓಡಿಸಿರಲಿಲ್ಲ, ಬ್ರೇಕು ಕೆಟ್ಟಿರಲಿಲ್ಲ. ಮೂರೂ ಸಲ ತಿರುಗಬೇಕಾದ ಗಾಡಿ ನೆಟ್ಟಗೆ ಹೋಗಿತ್ತು. ಮೊದಲ ಸಲ ಯಾಕೆ ಎಂದು ಪೊಲೀಸ್ ಫೌಜದಾರ ಕೇಳಿದಾಗ, “ಹೇಳಿದ್ಹಂಗ ಹೋದೆ ಸಾಹೇಬ್ರ” ಎಂದನಂತೆ. ಸೊಕ್ಕಿನ ಮಾತೆಂದು ಕಪಾಳಕ್ಕೆ ಒಂದು ಬಿತ್ತಂತೆ.

ಆಮೇಲೆ ಭಾಲ್ಕಿಗೆ ಯಾವ ಕೆಲಸಕ್ಕೆ ಹೋದರೂ ಬಿಸ್ಮಿಲ್ಲಾಬೀಯ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದ. ಕ್ಷಮೆ ಕೇಳಲು ಬಾಯಿ ಬರುತ್ತಿರಲಿಲ್ಲ. ಸುಮ್ಮನೆ ನಿಂತರೆ ಗಿರಾಕಿಗಳಿಗೆ ಅಡ್ಡ. ಹಾಗಾಗಿ ಎರಡು ಬಳೆ ಕೊಳ್ಳುತ್ತಿದ್ದ. ಅವನ ಹೆಂಡತಿ ಕೇಶರಬಾಯಿಯ ಕೈ ಮೊಣಕೈ ತನಕ ತುಂಬಿತ್ತು. ಕಂಡವರು ಗಂಡನ ಪ್ರೀತಿ ಎನ್ನುತ್ತಿದ್ದರು. ಅವಳು, “ಪ್ರೀತಿ ಎಲ್ಲಿದ್ರಿ, ಇವೆಲ್ಲಾ ಕೇಸು” ಎನ್ನುತ್ತಿದ್ದಳು.

ಆ ಕೇಶರಬಾಯಿಯೇ ಈಗ ಗಂಟು ಕಟ್ಟಿದ್ದಳು. ಒಂದು ದಿನ ರೊಟ್ಟಿ ಮುರಿಯುತ್ತ ಅವನೇ ಹೇಳಿದ: “ಮೌಶಿ, ಸೋಮಾರದೊಳಗ ನೌಕರಿ ಸಿಗಲಿಲ್ಲಂದ್ರ ಆಕಿ ಮಕ್ಕಳ್ನ ಕರ್ಕೊಂಡು ಹೈದ್ರಾಬಾದಕ್ಕ ಹೋಗ್ತಾಳ, ಕಲ್ಲು ಒಡಿಲಾಕ. ಹೋದ ವರ್ಷ ನಮ್ಮ ತಮ್ಮನ ಮನಿಯವ್ರು ಹೋದ್ರು. ಈಗ ಎಲ್ಲ್ಯಾರ ಅಂತ ಕೇಳಿದ್ರ ಹೇಳವ್ರಿಲ್ಲ.” ಇಷ್ಟು ಹೇಳಿ ಹಿಂದೆ ತಿರುಗಿ ನೋಡಿದ. ನನ್ನ ಗೋಡೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ನನಗೆ ಕಿವಿ ತೆರೆದದ್ದು ಅದೇ ಮಧ್ಯಾಹ್ನ. ಮಗ್ಗುಲಲ್ಲಿ ಮಹಮ್ಮದ ಇಸ್ಮಾಯಿಲ ಉಣ್ಣುತ್ತಿದ್ದ; ಬಾಬುಮಿಯಾನ ಲಾರಿಯ ಕ್ಲೀನರ್, ಅರವತ್ತು ದಾಟಿದ ಮುದುಕ, ಕೂಗಿ ಕೂಗಿ ಗಂಟಲು ಒಡೆದವನು. ಯಾರೋ ಹಾದಿಹೋಕ ಬಂದು ಕೆರೆ ಎಲ್ಲಿ ಎಂದ. ಇಸ್ಮಾಯಿಲ ಬಾಯಲ್ಲಿ ತುತ್ತು ಇಟ್ಟುಕೊಂಡೇ, “ಸೀದೇ ಹಾತ್ ಕು ಹೋಗ್ರಿ, ಬೇವಿನ ಗಿಡ ಬರ್ತದ” ಎಂದ. ಹಾದಿಹೋಕ ಬಲಕ್ಕೆ ತಿರುಗಿದ. ಮಚ್ಛೇಂದ್ರ ಎದ್ದು ನಿಂತು ಕೂಗಿದ:

“ಏ ಅಣ್ಣಾ! ಸೀದಾ ಹೋಗಂದ್ರ ಬಲಕ್ಕ ಯಾಕ ಹೊಂಟಿ?”

ಇಸ್ಮಾಯಿಲನಿಗೆ ನಗು ಬಂದು ತುತ್ತು ನೆತ್ತಿಗೇರಿತು. “ಅರೇ ಪಾಗಲ್, ಸೀದೇ ಹಾತ್ ಅಂದ್ರ ಬಲಗೈ! ಉಣ್ಣೋ ಕೈ! ಇಷ್ಟೂ ತಿಳಿಯಂಗಿಲ್ಲಾ?”

ಬಡಿಯುತ್ತಿದ್ದ ರೊಟ್ಟಿ ನನ್ನ ಕೈಯಲ್ಲಿ ನಿಂತಿತು. ನಮ್ಮ ಸೀಮೆಯಲ್ಲಿ ಮಾತಿಗೆ ಗೋಡೆಗಳಿಲ್ಲ. ಕನ್ನಡದವರಿಗೆ ಸೀದಾ ಎಂದರೆ ನೆಟ್ಟಗೆ. ದಖನಿ ಉರ್ದು ಆಡುವವರಿಗೆ ಸೀದಾ ಎಂದರೆ ನೆಟ್ಟಗೂ ಹೌದು, ಬಲಗಡೆಯೂ ಹೌದು. ಸಾವಕಾಶ ಹೇಳುವಾಗ ‘ಹಾತ್’ ಎಂದು ಸೇರಿಸುತ್ತಾರೆ. ಅವಸರ ಬಿದ್ದಾಗ ಹಾತ್ ಬಾಯಲ್ಲೇ ಉಳಿದು ಬರೀ ‘ಸೀದೇ, ಸೀದೇ’ ಹೊರಗೆ ಬರುತ್ತದೆ. ಪೇಟೆಯಲ್ಲಿ ಬೆಳೆದವರು ಇದನ್ನು ಕೂಸಿದ್ದಾಗಲೇ ಬಲ್ಲರು. ಕುರಿಗಳೊಡನೆ ಬೆಳೆದವನಿಗೆ ಯಾರು ಹೇಳಬೇಕು?

“ಹಲಬರ್ಗಾದಾಗ ನಿನ್ನ ಮಗ್ಗಲ ಯಾರು ಕುಂತಿದ್ರೋ?” ಎಂದೆ.

“ಧಣಿಯರ ಕಾರಕೂನ, ಖಾನ್ ಸಾಹೇಬ್ರು.”

“ಮದುವಿ ಜೀಪಿನಾಗ?”

“ವರನ ಮಾಮಾ. ಅವ್ರೂ ಸೀದೇ ಸೀದೇ ಅಂತಾನೇ ಒದರಿದ್ರು ಮೌಶಿ. ನಾ ಹೋದೆ.”

ಮೂರನೆಯದನ್ನು ಕೇಳುವ ವ್ಯವಧಾನ ನನಗೆ ಉಳಿಯಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಬಾಬುಮಿಯಾನ ಹತ್ತಿರ ಹೋದೆ. ಖಾಟಿನ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದ ಆ ಲಾರಿ ಮಾಲೀಕನಿಗೆ, ತಪ್ಪು ಹುಡುಗನದಲ್ಲ, ಮಾತಿನದು ಎಂದೆ. ಅವನು ಪೂರಾ ಕೇಳಿದ. ಕೇಳಿ, “ಬಾಯಿ, ಲೈಸೆನ್ಸಿನಾಗ ಮೂರು ಲಾಲ್ ಲಕೀರ ಅವ. ನಾಕನೇದು ಬಿತ್ತಂದ್ರ ಬುಕ್ಕೇ ಕಸಗೋತಾರ. ನೀವು ಜಾಮೀನ ನಿಲ್ತೀರೇನು?” ಎಂದ.

“ನಿಲ್ತೇನಿ.”

“ಹಂಗಾದ್ರ ನಾಳಿ ಅವನ ಮಗ್ಗಲ ನೀವೇ ಕೂಡ್ರಿ.”

ಹೀಗೆ ನಾನು ಹುಟ್ಟಿ ಮೊದಲ ಸಲ ಲಾರಿಯ ಕ್ಯಾಬಿನ್ನಿನಲ್ಲಿ ಕೂತೆ. ಹಿಂದೆ ಜೋಳದ ಚೀಲ, ಚೀಲದ ಮೇಲೆ ಇಸ್ಮಾಯಿಲ. ನಾನು ಮಾಡಿಸಿದ ಒಪ್ಪಂದ ಮೊದಲೇ ಆಗಿತ್ತು: ತಿರುವು ಬಂದರೆ ತುತ್ತೆತ್ತುವ ಹಾಗೆ ಕೈಯೆತ್ತಿ ನೋಡಿಕೊಳ್ಳಬೇಕು, ಬಲಕ್ಕೆ ‘ಉಣ್ಣೋ ಕೈ’, ಎಡಕ್ಕೆ ‘ತೊಳಿಯೋ ಕೈ’, ಸೀದಾ ಎಂಬ ಶಬ್ದವನ್ನು ಯಾರೂ ಬಾಯಿಂದ ತೆಗೆಯಕೂಡದು. ಮಚ್ಛೇಂದ್ರ ಸ್ಟಿಯರಿಂಗಿಗೆ ಕೈ ಮುಗಿದು ಹೊರಟ. ದಾರಿಯಲ್ಲಿ ದನ ಅಡ್ಡ ಬಂದರೆ ಹಾರ್ನ್ ಒತ್ತದೆ ಕಿಟಕಿಯಿಂದ ಕತ್ತು ಹಾಕಿ ‘ಹುರ್ರ್ರ್’ ಎಂದು ಕುರಿಯ ಮಾತು ಆಡುತ್ತಿದ್ದ. ದನಗಳು ಹೊರಳಿ ನೋಡಿ, ಇದು ತಮಗಲ್ಲ ಎಂದು ಅಲ್ಲೇ ನಿಲ್ಲುತ್ತಿದ್ದವು.

ಅರ್ಧ ದಾರಿಗೆ ಧೈರ್ಯ ಬಂದು ಕೇಳಿದೆ. “ಭಾಲ್ಕ್ಯಾಗ ಬಳೆ ಅಂಗಡಿ ಮುಂದ ಸೀದೇ ಅಂದವ್ರು ಯಾರೋ?”

ಅವನು ಗೇರು ಬದಲಿಸಿದ. “ಯಾರೂ ಇರಲಿಲ್ಲ ಮೌಶಿ. ಒಬ್ಬನೇ ಇದ್ದೆ.”

“ಮತ್ತ ಹ್ಯಾಂಗ ಹೋದಿ?”

“ಅದೇ ನನಗೂ ತಿಳಿವಲ್ದು.”

ಎರಡಕ್ಕೆ ಹೊಂದಿದ ಬೀಗದ ಕೈ ಮೂರನೆಯದಕ್ಕೆ ಹೊಂದಲಿಲ್ಲ, ಮತ್ತು ನಾನು ಆ ಬೀಗದೊಳಗೇ ಕೂತಿದ್ದೆ. ಇಳಿಯುತ್ತೇನೆ ಎನ್ನಲು ಜಾಮೀನಿನ ಮಾತು ಅಡ್ಡ. ಅಷ್ಟರಲ್ಲಿ ಇಳಿಜಾರು ಬಂತು. ಕೆಳಗೆ ಬತ್ತಿದ ಹಳ್ಳ, ಹಳ್ಳದ ಈಚೆ ರಸ್ತೆ ಬಲಕ್ಕೆ ಹೊರಳುತ್ತದೆ. ಹೊರಳುವಲ್ಲಿಯೇ, ಲಾರಿಯ ಮೂಗಿನ ನೇರಕ್ಕೆ, ಹತ್ತಿಪ್ಪತ್ತು ಜನ ಗಂಟುಗಳ ಮೇಲೆ ಕೂತಿದ್ದರು, ಬೀದರಿಗೆ ಮರಳುವ ಯಾವುದಾದರೂ ಲಾರಿ ಹತ್ತಬೇಕೆಂದು. ಮೇಲಿನಿಂದ ಅವರನ್ನು ಕಂಡ ಇಸ್ಮಾಯಿಲನಿಗೆ ಒಪ್ಪಂದ ಮರೆತುಹೋಯಿತು. ಅರವತ್ತು ವರ್ಷದ ನಾಲಿಗೆ ತನ್ನ ಹಳೆಯ ಹಾದಿ ಹಿಡಿಯಿತು.

“ಸೀದೇ! ಸೀದೇ! ಸೀದೇ!”

ನಾನು ಕಣ್ಣು ಮುಚ್ಚಿಕೊಂಡೆ. ಲಾರಿಗೆ ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದಂತಾಯಿತು. ಚೀಲಗಳು ಒಂದರ ಮೇಲೊಂದು ದಬದಬ ಬಂದು ಕ್ಯಾಬಿನ್ನಿಗೆ ಬಡಿದವು. ಧೂಳು ಮುಂದೆ ಹೋಗಿ ನಾವು ಹಿಂದೆ ಉಳಿದೆವು. ಕಣ್ಣು ಬಿಟ್ಟಾಗ ಲಾರಿ ರಸ್ತೆಯ ನಟ್ಟನಡುವೆ ನಿಂತಿತ್ತು. ಮಚ್ಛೇಂದ್ರನ ಎಡಗೈ ಸ್ಟಿಯರಿಂಗಿನ ಮೇಲಿತ್ತು, ಎರಡೂ ಕಾಲು ಬ್ರೇಕಿನ ಮೇಲೆ. ಬಲಗೈ ಮಾತ್ರ ಐದು ಬೆರಳು ಕೂಡಿಸಿ ತುಟಿಯ ಹತ್ತಿರ ಬಂದು ಅಲ್ಲಿಯೇ ನಿಂತಿತ್ತು. ಗಂಟಿನ ಮೇಲೆ ಕೂತವರು ಏಳುವುದನ್ನೂ ಮರೆತಿದ್ದರು.

ಅವನು ಕಿಟಕಿಯಿಂದ ಮುಖ ಮೇಲೆ ಮಾಡಿ, ಬಹಳ ವಿನಯದಿಂದ ಕೇಳಿದ: “ಚಾಚಾ, ಉಣ್ಣೋದೋ, ತೊಳಿಯೋದೋ?”

ಜನರ ನಡುವಿನಿಂದ ಬಳೆಗಳ ಸಪ್ಪಳವಾಯಿತು. ಯಾರೆಂದು ನೋಡದೆಯೇ ನನಗೆ ತಿಳಿಯಿತು. ಸೋಮವಾರಕ್ಕೆ ಇನ್ನೂ ಎರಡು ದಿನವಿದ್ದಂತೆ ಕೇಶರಬಾಯಿ ಎರಡು ಮಕ್ಕಳೊಡನೆ ಅಲ್ಲಿ ನಿಂತಿದ್ದಳು. ಗಂಡನಿಗೆ ಲಾರಿ ಸಿಕ್ಕಿತೆಂಬ ಸುದ್ದಿ ಅವಳಿಗೂ ಮುಟ್ಟಿತ್ತಂತೆ. ಅದಕ್ಕೇ, ನಾಲ್ಕನೆಯ ಕೆಂಪು ಸಾಲು ಬೀಳುವ ಮೊದಲೇ ಹೋಗಿಬಿಡಬೇಕೆಂದು, ಎರಡು ದಿನ ಮೊದಲು ಹೊರಟಿದ್ದಳು.

“ನಡು ಹಾದ್ಯಾಗ ನಿಂತು ಏನ್ ಕೇಳ್ಲತ್ತೀರಿ?” ಎಂದಳು.

“ತಿಳಿಲಿಲ್ಲ” ಎಂದ ಅವನು. “ತಿಳಿಲಿಲ್ಲ, ಅದಕ್ಕ ನಿಂತೆ.”

ಅವಳು ಲಾರಿಯ ಮೂಗಿಗೂ ತನ್ನ ಮಗನ ಗಂಟಿಗೂ ನಡುವೆ ಇದ್ದ ಜಾಗವನ್ನು ನೋಡಿದಳು. ನಾಲ್ಕು ಗೇಣು ಇದ್ದೀತು.

ಅಂದು ಸಂಜೆ ಲಾರಿ ಜನರನ್ನು ಹೇರಿಕೊಂಡು ಬೀದರಿಗೆ ಮರಳಿತು. ನೌಬಾದದಲ್ಲಿ ನಾನು ಇಳಿದೆ. ಕೇಶರಬಾಯಿಯೂ ಮಕ್ಕಳನ್ನು ಇಳಿಸಿಕೊಂಡಳು. ಇಸ್ಮಾಯಿಲ ನಡೆದದ್ದನ್ನೆಲ್ಲ ತನ್ನ ತಪ್ಪನ್ನೂ ಬಿಡದೆ ಹೇಳಿದ. ಬಾಬುಮಿಯಾ ಅಡಕೆ ಅಗಿಯುತ್ತ, “ಗಾಡಿ ನಿಲ್ಲಸ್ಲಾಕ ಬರ್ತದಂದ್ರ ನಡಸ್ಲಾಕ ಕಲಸಬಹುದು” ಎಂದು ಕೀಲಿಯನ್ನು ಮಚ್ಛೇಂದ್ರನ ಕೋಟಿನ ಜೇಬಿಗೆ ಹಾಕಿದ. ಕೇಶರಬಾಯಿ ಮಾತ್ರ ಗಂಟು ಬಿಚ್ಚಲಿಲ್ಲ. ನನ್ನ ಹಿಂದಿನ ಕೋಣೆಯಲ್ಲಿ ಅದನ್ನೇ ತಲೆದಿಂಬು ಮಾಡಿ ಮಲಗಿದಳು. ಬರ ಹೋಯಿತು, ಮುಂಗಾರು ಬಂತು, ದಿಂಬು ಮಾತ್ರ ಹಾಗೇ ಇತ್ತು. ಯಾಕೆ ಎಂದರೆ, “ಭಾಲ್ಕಿದು ಇನ್ನೂ ತಿಳಿದಿಲ್ಲಲ್ರಿ ಮೌಶಿ” ಎನ್ನುತ್ತಿದ್ದಳು.

ಅದು ಕಡೆಗೂ ತಿಳಿಯಲಿಲ್ಲ. ಮುಂದೆ ಇಪ್ಪತ್ತೆಂಟು ವರ್ಷ ಅವನು ಲಾರಿ ನಡೆಸಿದ. ಲೈಸೆನ್ಸಿನಲ್ಲಿ ನಾಲ್ಕನೆಯ ಕೆಂಪು ಸಾಲು ಬೀಳಲಿಲ್ಲ. ಓರಗೆಯ ಡ್ರೈವರುಗಳು ‘ನಿಂತಗಾಡಿ ಮಚ್ಛೇಂದ್ರ’ ಎಂದು ಹೆಸರಿಟ್ಟರು. ಅವನ ಹಿಂದೆ ಸಿಕ್ಕಿಕೊಂಡವರು ಹಾರ್ನ್ ಒತ್ತಿ ಒತ್ತಿ ಅವನ ಏಳು ತಲೆಮಾರನ್ನು ಎಬ್ಬಿಸುತ್ತಿದ್ದರು. ಅವನು ಪ್ರತಿ ತಿರುವಿನಲ್ಲಿ ತನ್ನ ಕಾಣದ ತುತ್ತನ್ನು ಉಂಡೇ ಮುಂದೆ ಹೋಗುತ್ತಿದ್ದ, ಭಾಲ್ಕಿಯಿಂದ ಬಳೆ ತರುತ್ತಲೇ ಇದ್ದ. ಅವನನ್ನು ಉಳಿಸಿದ್ದು ನಾನು ಹುಡುಕಿದ ಶಬ್ದವೋ, ಮುರಿದ ಆ ಮುಂಗೈಯ ನೆನಪೋ, ನಾನು ಹೇಳಲಾರೆ. ಹೇಳಬಲ್ಲೆನೆಂದು ಒಮ್ಮೆ ಜಾಮೀನು ನಿಂತಿದ್ದೆ, ಅಷ್ಟೆ.

ದಾರಿ ಬಲ್ಲವರನ್ನು ಲೋಕ ಹೊಗಳುತ್ತದೆ, ಹೊಗಳಲಿ. ಇವನಂಥವರು ಬೇರೆ ಜಾತಿ. ತನಗೆ ತಿಳಿದಿಲ್ಲ ಎಂಬುದೊಂದನ್ನು ಯಾರದೋ ಮೈಗೆ ನೋವು ಮಾಡಿ ಕಲಿತವರು, ಕಲಿತದ್ದನ್ನು ಮರೆಯದವರು, ಎಲ್ಲರೂ ಹೋಗು ಹೋಗು ಎಂದು ಕೂಗುವಾಗ ನಡುರಸ್ತೆಯಲ್ಲಿ ನಿಂತು ‘ಯಾವ ಕೈ?’ ಎಂದು ಕೇಳಲು ನಾಚದವರು. ಇಂಥವರ ಹಿಂದೆ ಇರುವವರು ಬೈಯುತ್ತಲೇ ಇರುತ್ತಾರೆ. ಮುಂದೆ ಗಂಟಿನ ಮೇಲೆ ಕೂತವರು ಬದುಕಿ ಉಳಿಯುತ್ತಾರೆ.