ನನ್ನಲ್ಲಿಲ್ಲದ ಹೆಜ್ಜೆ

ನಾನು ಒಂದು ಸಣ್ಣ ಪುಸ್ತಕ. ಹುಬ್ಬಳ್ಳಿಯ ಒಂದು ಅಚ್ಚುಕೂಟದಲ್ಲಿ ನಲವತ್ತೊಂಬತ್ತು ತಮ್ಮಂದಿರ ಜೊತೆ ಹುಟ್ಟಿದೆ. ಜೋಡಿಯಾಗಿ ಕುಣಿಯುವ ಸ್ಪರ್ಧೆಯಲ್ಲಿ ಮೊದಲ ದರ್ಜೆಯವರು ಯಾವ ಯಾವ ಹೆಜ್ಜೆ ಇಡಬಹುದು ಎಂಬ ಪಟ್ಟಿ ನಾನು. ವಾಲ್ಟ್ಜ್, ರುಂಬಾ, ಚಾ-ಚಾ, ಎಲ್ಲಕ್ಕೂ. ನನ್ನಲ್ಲಿ ಇದ್ದದ್ದು ಸರಿ, ಇಲ್ಲದ್ದು ತಪ್ಪು. ಹೀಗೆ ಹುಟ್ಟಿದವನಿಗೆ ಲೋಕದ ಮೇಲೆ ಅನುಮಾನ ಬರದೆ ಇನ್ನೇನು ಬಂದೀತು?

ರೈಲ್ವೆ ಕಾಲೊನಿಯ ಡ್ಯಾನ್ಸ್ ಕ್ಲಬ್ಬಿನವರು ನನ್ನನ್ನು ನಿಂಗಪ್ಪ ಹಲಗತ್ತಿಯವರ ಕೈಗೆ ಕೊಟ್ಟರು. ಅವರು ನಿವೃತ್ತ ಟಿಕೆಟ್ ಕಲೆಕ್ಟರ್. ಜನ್ಮದಲ್ಲಿ ಒಂದು ಹೆಜ್ಜೆ ಕುಣಿದವರಲ್ಲ. ಕ್ಲಬ್ಬಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು, ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ. ಅದಕ್ಕೇ ಹೊರಗಿನವರನ್ನು ಹುಡುಕಿದ್ದು. ಅಂಕ ಕೊಡುವವರು ಬೇರೆ. ಪಟ್ಟಿ ಮೀರಿದವರನ್ನು ಹಿಡಿಯುವುದಷ್ಟೇ ನಮ್ಮ ಕೆಲಸ. ಹಲಗತ್ತಿಯವರು ನನ್ನೊಳಗಿನ ಪಾದದ ಚಿತ್ರಗಳನ್ನೆಲ್ಲ ಕಣ್ಣಲ್ಲೇ ಅಚ್ಚೊತ್ತಿಕೊಂಡರು.

ಅವರ ತೊಡೆಯ ಮೇಲಿಂದ ನನಗೆ ಕಾಣುತ್ತಿದ್ದುದು ಪಾದಗಳು ಮಾತ್ರ. ಬೂಟು ಹೆಚ್ಚು ಮಿನುಗಿದರೆ ನಮಗೆ ಸಂಶಯ, ಮಿನುಗದಿದ್ದರೆ ಇನ್ನೂ ಸಂಶಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಅವರು ಸೀಟಿ ಕೈಗೆತ್ತಿಕೊಂಡರೆ ಸಾಕು, ತಪ್ಪು ಮಾಡುವ ಪಾದ ತಡವರಿಸುತ್ತಿತ್ತು.

ರೋಜಲಿನ್‌ಳ ಪಾದ ತಡವರಿಸಲಿಲ್ಲ. ನನಗೆ ಅದೇ ಗುಮಾನಿ. ಬ್ಲೌಸು ಹೊಲಿಯುವ ಹೆಂಗಸು, ಅಣ್ಣನ ಜೊತೆ ಕುಣಿಯಲು ಬಂದಿದ್ದಳು. ಆ ವರ್ಷ ಗೆದ್ದವರಿಗೆ ಹಾಲ್‌ನಲ್ಲಿ ಮಕ್ಕಳಿಗೆ ಕಲಿಸುವ ಕೆಲಸ. ಅದಕ್ಕಾಗಿ ಆಕೆ ಜೀವ ಹಿಡಿದುಕೊಂಡಿದ್ದಳು. ವಾಲ್ಟ್ಜ್ ಕುಣಿಯುತ್ತ ಮೂಲೆಗೆ ಬಂದವಳು ಒಂದು ಗಳಿಗೆ ತಡೆದು, ಆಮೇಲೆ ತಿರುಗಿದಳು. ಹಲಗತ್ತಿಯವರು ಸೀಟಿ ಊದಿದರು.

"ಈ ಹೆಜ್ಜಿ ಪುಸ್ತಕದಾಗ ಐತ್ರಿ, ಸರ್. ನಮ್ಮ ಮಾಸ್ತರು ತೋರಿಸಿದ್ರು."

"ಇಲ್ಲ. ನೀವ ನೋಡ್ರಿ, ಬಾಯಾರ."

ಆಕೆ ನನ್ನನ್ನು ಮೂರು ಸಲ ತಿರುವಿದಳು. ಇರಲಿಲ್ಲ. ಎಂಥ ನಟನೆ ಎಂದುಕೊಂಡೆ. ಆ ಜೋಡಿ ಸ್ಪರ್ಧೆಯಿಂದ ಹೊರಬಿತ್ತು, ಕೆಲಸ ಕ್ಲಬ್ಬಿನ ಕಾರ್ಯದರ್ಶಿಯ ನಾದಿನಿಗೆ ಹೋಯಿತು.

ಮರುವರ್ಷ ಕ್ಲಬ್ಬಿನ ಕಪಾಟು ಖಾಲಿ ಮಾಡುವಾಗ ನನ್ನ ತಮ್ಮಂದಿರನ್ನು ತಂದು ಹಲಗತ್ತಿಯವರ ಮುಂದೆ ಪೇರಿಸಿದರು. ಎಲ್ಲರಿಗಿಂತ ನಾನೇ ತೆಳ್ಳಗಿದ್ದೆ. ಬೈಂಡ್ ಮಾಡುವವನು ನಡುವಿನ ಹಾಳೆಯನ್ನೇ ಸೇರಿಸಿರಲಿಲ್ಲ. ಪುಟಕ್ಕೆ ನಂಬರೂ ಇರಲಿಲ್ಲ. ನಾಲ್ಕು ಪುಟ, ನಾಲ್ಕು ಹೆಜ್ಜೆ. ರೋಜಲಿನ್‌ಳದೂ ಅದರಲ್ಲಿತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ಎಣಿಸಿದವನು ನಾನು. ನನಗೆ ನಾಚಿಕೆಯಾಯಿತು.

ಹಲಗತ್ತಿಯವರು ನನ್ನನ್ನು ಹಿಡಿದು ಆಕೆಯ ಅಂಗಡಿಗೆ ಹೋದರು. ಆಕೆ ಮಷೀನು ನಿಲ್ಲಿಸಲಿಲ್ಲ.

"ತಪ್ಪು ಒಪ್ಪಾಕ ಬಂದೀರೋ, ಮತ್ತೊಂದು ಹುಡುಕಾಕ ಬಂದೀರೋ?"

"ಒಪ್ಪಾಕ್ರಿ."

"ಹಂಗಾರ ಇಲ್ಲಿ ಬ್ಯಾಡ. ಎಲ್ಲಿ ಸೀಟಿ ಊದಿದ್ರಿ, ಅಲ್ಲೇ ಹೇಳ್ರಿ."

ಹೇಳಿದರು. ಸ್ಪರ್ಧೆಯ ದಿನ, ತುಂಬಿದ ಹಾಲ್‌ನ ನಡುವೆ ನಿಂತು ನನ್ನನ್ನು ಎತ್ತಿ ಹಿಡಿದರು. "ಈ ಪುಸ್ತಕದಾಗ ಹಾಳಿ ಕಮ್ಮಿ ಇದ್ದವು. ಎಣಿಸದ ತಪ್ಪು ನಂದು. ಬಾಯಾರ ಹೆಜ್ಜಿ ಸರಿ ಇತ್ತು." ಅಷ್ಟು ಹೇಳಿ ಸೀಟಿಯನ್ನು ಮೇಜಿನ ಮೇಲಿಟ್ಟು ಕೂತರು. ಅಂದಿನಿಂದ ನಾನೂ ರೋಜಲಿನ್ ಅವರನ್ನು ಏಕವಚನದಲ್ಲಿ ಕರೆದಿಲ್ಲ.

ಕ್ಲಬ್ಬಿನವರು ಬೇರೆ ದಾರಿ ಕಾಣದೆ ಮಕ್ಕಳ ಶನಿವಾರದ ತರಗತಿಯನ್ನು ಅವರಿಗೆ ಬಿಟ್ಟುಕೊಟ್ಟರು. ಅವರು ನನ್ನನ್ನೂ ಕೇಳಿ ಪಡೆದರು. ಬಚ್ಚಲ ಒಲೆಗೇ ಇರಬೇಕು ಎಂದು ನಾನು ಶಂಕಿಸಿದೆ. ಹಾಗಾಗಲಿಲ್ಲ. ಬಿಟ್ಟುಹೋದ ಪುಟಗಳನ್ನು ಕೈಯಲ್ಲಿ ಬರೆದು, ಪಾದದ ಚಿತ್ರ ಬಿಡಿಸಿ, ಮಷೀನಿನಲ್ಲೇ ನನ್ನೊಳಗೆ ಹೊಲಿದರು.

ಈಗ ನನಗೆ ವಯಸ್ಸಾಗಿದೆ. ಮಷೀನಿನ ದಾರದ ಬಾಬಿನುಗಳ ಡ್ರಾಯರಿನಲ್ಲಿ ಮಲಗಿರುತ್ತೇನೆ. ಶನಿವಾರ ಮಾತ್ರ ಹಾಲ್‌ಗೆ ಹೋಗುತ್ತೇನೆ. ಯಾರಾದರೂ ಬಾಗಿಲಲ್ಲಿ ನಿಂತು, ಇದೆಂಥ ಹೆಜ್ಜೆ, ಎಲ್ಲೂ ಕಂಡಿಲ್ಲವಲ್ಲ ಎಂದು ಹುಬ್ಬು ಗಂಟಿಕ್ಕಿದರೆ ರೋಜಲಿನ್ ನನ್ನನ್ನು ತೆರೆದು ತೋರಿಸುತ್ತಾರೆ. "ಪುಸ್ತಕದಾಗ ಐತ್ರಿ," ಎನ್ನುತ್ತಾರೆ.

ಹೌದು, ಇದೆ. ಅವರು ಹೊಲಿದ ಹಾಳೆಗಳಲ್ಲಿ ಐದು ಹೆಜ್ಜೆಗಳಿವೆ. ನನ್ನ ತಮ್ಮಂದಿರ ಆ ಪುಟಗಳಲ್ಲಿ ಇದ್ದದ್ದು ನಾಲ್ಕೇ. ನಾನು ಎಣಿಸಿದ್ದೇನೆ, ಯಾರಿಗೂ ಹೇಳಿಲ್ಲ.