ಚುಕ್ಕಿಯ ಹೊಟ್ಟೆಯ ಮರಿ

ಲಾಯದ ಬಾಗಿಲಲ್ಲಿ ಕೆಮ್ಮಿ ಒಳಗೆ ಹೋಗುವುದು ನನ್ನ ಹಳೆಯ ಚಾಳಿ. ನಾನು ಕೆಮ್ಮಿದರೆ ಸಾಕು, ಒಳಗಿಂದ ಕೆಂಚ ಕೆನೆಯುತ್ತಿದ್ದ. ಹದಿನೇಳು ವರ್ಷ ಹಾಗೇ ನಡೆಯಿತು. ಅವನು ಸತ್ತು ಹತ್ತು ತಿಂಗಳಾದರೂ ನಾನು ಕೆಮ್ಮುತ್ತಿದ್ದೆ, ಒಂದು ಗಳಿಗೆ ಕಾಯುತ್ತಿದ್ದೆ, ಆಮೇಲೆ ಒಳಗೆ ಹೋಗಿ ಎದುರಿಗೆ ಸಿಕ್ಕವರ ಮೇಲೆ ಹಾಯುತ್ತಿದ್ದೆ. ಹೆಚ್ಚಾಗಿ ಸಿಗುತ್ತಿದ್ದವನು ನನ್ನ ತಮ್ಮ.

ಕೆಂಚ ನಮ್ಮ ಯಜಮಾನರ ಬೀಜದ ಕುದುರೆ. ಮೈಯೆಲ್ಲ ಕೆಂಪು, ಉಜ್ಜಿದ ತಾಮ್ರದ ಹಾಗೆ. ಒಂದು ಮಧ್ಯಾಹ್ನ ಹೊಟ್ಟೆನೋವೆಂದು ಮಲಗಿದವನು ಸಂಜೆಯೊಳಗೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಹೋಗಿಬಿಟ್ಟ. ಅಪ್ಪ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅವನ ಮಕ್ಕಳೆಲ್ಲ ಯಾರ್ಯಾರದೋ ಪಾಲಾಗಿದ್ದವು. ನನಗೆ ಉಳಿದಿದ್ದು ಒಂದೇ ಆಸೆ, ನಮ್ಮ ಹೆಣ್ಣು ಕುದುರೆ ಚುಕ್ಕಿಯ ಹೊಟ್ಟೆಯಲ್ಲಿದ್ದ ಅವನ ಕೊನೆಯ ಮರಿ.

ಅದು ಅವನದೇ ಎಂದು ನಂಬುವುದು ಹೇಗೆ? ಅದೇ ನನ್ನನ್ನು ಕೊರೆಯುತ್ತಿತ್ತು.

ಚುಕ್ಕಿ ಬೆದೆಗೆ ಬಂದಾಗ ನಾನು ಕಣ್ಣಿನ ಪೊರೆ ತೆಗೆಸಿಕೊಂಡು ಆಸ್ಪತ್ರೆಯಲ್ಲಿದ್ದೆ. ಕುದುರೆಗಳನ್ನು ಕೂಡಿಸಿದವನು ತಮ್ಮ. ನಾನು ವಾಪಸು ಬಂದು ಚಪ್ಪಲಿ ಬಿಡುವ ಮೊದಲೇ ವರದಿ ಒಪ್ಪಿಸಿದ: "ಎರಡು ಸಲ ಕೂಡಿಸಿದ್ದೀನಿ ಅಣ್ಣ. ಏನೂ ತೊಂದರೆ ಆಗ್ಲಿಲ್ಲ."

"ತೊಂದರೆ ಆಯ್ತಾ ಅಂತ ಯಾರು ಕೇಳಿದ್ರು ನಿನ್ನ?" ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಏನೂ ಅನ್ನದೆಯೇ ಮುಟ್ಟಿಕೊಂಡಿದ್ದ.

ಆಮೇಲೆ ಮಸಿಯನ್ನು ನೋಡಿದೆ. ಮಸಿ ನಮ್ಮಲ್ಲಿರುವ ಇನ್ನೊಂದು ಗಂಡು, ಹೆಸರಿಗೆ ತಕ್ಕ ಕಪ್ಪು. ಹಲಗೆಯ ಆಚೆ ನಿಂತು ಮೂಸಿ, ಹೆಣ್ಣು ಕುದುರೆ ಬೆದೆಗೆ ಬಂದಿದೆಯೋ ಇಲ್ಲವೋ ತಿಳಿಸುವುದಷ್ಟೇ ಅವನ ಕೆಲಸ. ಹೆಣ್ಣು ನೋಡಲು ಹೋಗುವವನು ಅವನು, ಮದುವೆ ಮಾತ್ರ ಕೆಂಚನಿಗೆ. ಅಂಥವನ ತೊಡೆಯ ಒಳಗೆ ಗೊರಸಿನ ಗಾಯ. ಎದೆಯೆತ್ತರದ ಹಲಗೆಯ ಆಚೆ ನಿಂತವನಿಗೆ ತೊಡೆಗೆ ಒದೆ ಬೀಳುವುದು ಹೇಗೆ? ಸಾಲದ್ದಕ್ಕೆ, ಅವನನ್ನು ಕಂಡರೆ ಮೂಗು ಮುರಿಯುತ್ತಿದ್ದ ತಮ್ಮ ಈಗ ದಿನಾ ಕ್ಯಾರೆಟ್ ತಿನ್ನಿಸುತ್ತಿದ್ದ.

"ಏನಯ್ಯ, ಹೊಸ ನೆಂಟಸ್ತನ?" ಎಂದು ಕೇಳಿದೆ.

"ಪಾಪ, ವಯಸ್ಸಾಯ್ತು ಅಂತ" ಎಂದು ಬಕೆಟ್ ತೆಗೆದುಕೊಂಡು ಹೋಗಿಬಿಟ್ಟ. ಬಕೆಟ್ಟಿನಲ್ಲಿ ನೀರೇ ಇರಲಿಲ್ಲ.

ಊಟಕ್ಕೆ ಕೂತಾಗ ಕೇಳಿದೆ, ಹುಲ್ಲು ಹಾಕುವಾಗ ಕೇಳಿದೆ, ಲಾಳ ಹೊಡೆಯುವವನ ಎದುರಿಗೂ ಕೇಳಿದೆ. "ನಿಜ ಹೇಳು, ಕೆಂಚನದೇನಾ?" ಪ್ರತಿ ಸಲವೂ "ಕೆಂಚಂದೇ ಅಣ್ಣ" ಎನ್ನುತ್ತಿದ್ದ, ಕಣ್ಣು ಮಾತ್ರ ನೆಲದ ಮೇಲೆ.

ನನ್ನ ಹೆಂಡತಿಗೆ ರೋಸಿಹೋಯಿತು. "ರೀ, ಮೊಸರಲ್ಲಿ ಕಲ್ಲು ಹುಡುಕೋದು ಬಿಡಿ. ಕಣ್ಣಿನ ಪೊರೆ ತೆಗೆಸ್ಕೊಂಡ್ರಿ, ಅನುಮಾನದ ಪೊರೆ ಹಾಗೇ ಇದೆ."

ಬಿಡಲು ನನ್ನಿಂದ ಆಗಲಿಲ್ಲ. ಚುಕ್ಕಿಯೂ ಕೆಂಪು, ಕೆಂಚನೂ ಕೆಂಪು. ಕೆಂಪಿಗೆ ಕೆಂಪು ಕೂಡಿದರೆ ಕಪ್ಪು ಹುಟ್ಟುವ ಮಾತೇ ಇಲ್ಲ. ಹುಟ್ಟಲಿ, ಬಣ್ಣವೇ ಸಾಕ್ಷಿ ಹೇಳುತ್ತದೆ ಎಂದು ದಿನ ಎಣಿಸಿದೆ.

ಚುಕ್ಕಿ ಬೆಳಗಿನ ಆರು ಗಂಟೆಗೆ ಈದಳು. ತಮ್ಮ ಮರಿಯ ಮುಂಗಾಲು ಹಿಡಿದಿದ್ದ, ನಾನು ಗೋಣಿತಾಟು ಹಿಡಿದು ನಿಂತಿದ್ದೆ. ಮೂತಿ ಬಂತು, ಕುತ್ತಿಗೆ ಬಂತು. ಒರೆಸಿ ನೋಡಿದೆ. ಕೆಂಪು! ಕಿವಿಯ ತುದಿಯಿಂದ ಬಾಲದವರೆಗೂ ಕೆಂಪು.

ಒದ್ದೆಯಾದ ಹುಲ್ಲಿನ ಮೇಲೆ ಕೂತು ತಮ್ಮನ ಎರಡೂ ಕೈ ಹಿಡಿದುಕೊಂಡೆ. "ತಪ್ಪಾಯ್ತು ಕಣೋ. ಒಡಹುಟ್ಟಿದವನನ್ನೇ ಕಳ್ಳನ ಹಾಗೆ ನೋಡಿಬಿಟ್ಟೆ. ಕ್ಷಮಿಸಿಬಿಡು."

ಅವನು ಕೈ ಬಿಡಿಸಿಕೊಂಡ. ಮುಖ ಸಣ್ಣದಾಯಿತು.

"ಬೇಡ ಅಣ್ಣ, ಹಾಗನ್ಬೇಡ. ಇದು ಮಸಿ ಮರಿ."

"ಕೆಂಪಗಿದೆಯಲ್ಲೋ!"

"ಮಸಿಯ ತಾಯಿ ಕೆಂಪು. ಮರೆತುಬಿಟ್ಯಾ? ಅವಳನ್ನ ಸಾಕಿದವನು ನೀನೇ."

ಎಲ್ಲವನ್ನೂ ಅನುಮಾನಿಸಿದ ನಾನು ಇದೊಂದನ್ನು ಯೋಚಿಸಿರಲಿಲ್ಲ. ಕಪ್ಪಿನ ಹೊಟ್ಟೆಯಲ್ಲೂ ಕೆಂಪು ಅಡಗಿರುತ್ತದೆ ಎಂದು ಇವನಿಗೆ ಕಲಿಸಿದವನೇ ನಾನು.

"ಕೆಂಚನ ಹಿಂಗಾಲಲ್ಲಿ ಬಲ ಇರ್ಲಿಲ್ಲ ಅಣ್ಣ" ಎಂದ ತಮ್ಮ. "ಮೂರು ಸಲ ಚುಕ್ಕಿ ಮೇಲೆ ಏರೋಕೆ ನೋಡ್ದ, ಮೂರು ಸಲವೂ ಜಾರಿದ. ಕೈಲಾಗಲ್ಲ ಅಂತ ಗೊತ್ತಾದ್ರೆ ಯಜಮಾನ್ರು ಅವತ್ತೇ ಮಾರಿಬಿಡ್ತಿದ್ರು. ನೀನು ಕಣ್ಣಿಗೆ ಪಟ್ಟಿ ಕಟ್ಕೊಂಡು ಮಲಗಿದ್ದೆ. ಬಂದು ನೋಡಿದ್ರೆ ಅವನ ಜಾಗ ಖಾಲಿ ಇರಬಾರದು ಅಂತ ಮಸೀನ ಬಿಟ್ಟೆ."

ಹಾಗಾದರೆ ನಾನು ಆಸ್ಪತ್ರೆಯಿಂದ ಬಂದ ಮೇಲಿನ ಕೆಂಚನ ಕೊನೆಯ ಮೂರು ವಾರ ನನಗೆ ದಕ್ಕಿದ್ದು ಈ ಸುಳ್ಳಿನಿಂದ. ನಿಜ ಹೇಳು, ನಿಜ ಹೇಳು ಎಂದು ವರ್ಷವಿಡೀ ಇವನ ಜೀವ ಹಿಂಡಿದವನು ನಾನು. ಈಗ, ಇನ್ನೊಂದು ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟು ಬಂತು. ನಾನು ನಂಬಿಬಿಡುತ್ತಿದ್ದೆ. ಆಗಲೇ ನಂಬಿಯೂ ಆಗಿತ್ತು.

ಮರಿ ಏಳಲು ಹೋಗಿ ಮುಗ್ಗರಿಸಿತು. ಇಬ್ಬರೂ ಕೈ ಚಾಚಿ ಹಿಡಿದೆವು.

"ಅವತ್ತು ಕೆಂಚ ಗಾಬರಿಯಾಗಿದ್ನಾ?" ಎಂದು ಕೇಳಿದೆ.

"ಇಲ್ಲ. ಹೊರಗೆ ಯಾರೋ ಕೆಮ್ಮಿದ್ರು. ಬಾಗಿಲ ಕಡೆ ತಿರುಗಿ ಕೆನೆದ. ಆಮೇಲೂ ಬಹಳ ಹೊತ್ತು ಅಲ್ಲೇ ನೋಡ್ತಾ ನಿಂತಿದ್ದ."

ಈ ಮಾತಿಗೆ ನಾನು ಸಾಕ್ಷಿ ಕೇಳಲಿಲ್ಲ.